ಕರೆಂಟು ಕುಡಿದ ಬಲಗೈ

ಫ್ರೆಂಪಾಂಗ್ ಮೇಷ್ಟ್ರ ಅಂಗೈ ಬೆವರುತ್ತಿತ್ತು. ಎಲ್ಲ ರಗಳೆಗೂ ಮೂಲ ಇಷ್ಟೇ.

ನಮ್ಮೂರು ಕುಮಾಸಿಯಲ್ಲಿ ಬೆವರದವರು ಯಾರಪ್ಪಾ ಎಂದು ನೀವು ಕೇಳಬಹುದು. ಬೆನ್ನು ಬೆವರಲಿ, ಕತ್ತು ಬೆವರಲಿ, ಯಾರು ಬೇಡವೆಂದರು? ಆದರೆ ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸಿ ಊರಿನವರ ತುಟಿಯೆಲ್ಲ ಒಡೆದುಹೋಗುವ ತಿಂಗಳಲ್ಲೂ ಈ ಮನುಷ್ಯನ ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಅದು ಕೈಯಲ್ಲೇ ಕಲಸಿದ ಹಿಟ್ಟಾಗಿರುತ್ತಿತ್ತು. ಮಕ್ಕಳ ಉತ್ತರಪತ್ರಿಕೆ ತಿದ್ದಿದರೆ ತಪ್ಪೂ ಸರಿಯೂ ಒಟ್ಟಿಗೇ ಅಳಿಸಿಹೋಗುತ್ತಿದ್ದವು.

ಬೇರೆ ಊರಲ್ಲಾದರೆ ಅಂಗೈ ಬೆವರಿಕೊಂಡು ಹೇಗೋ ಬದುಕಬಹುದಿತ್ತೇನೋ. ನಮ್ಮಲ್ಲಿ ಆಗುವುದಿಲ್ಲ. ನಮ್ಮಲ್ಲಿ ಮನುಷ್ಯ ಕಣ್ಣಿಗೆ ಬಿದ್ದರೆ ಸಾಕು, ಕೈ ಕೊಡಬೇಕು, ಕುಲುಕಬೇಕು, ಬಿಡುವಾಗ ಒಬ್ಬರ ನಡುಬೆರಳು ಇನ್ನೊಬ್ಬರದಕ್ಕೆ ಸಿಕ್ಕಿಸಿ ಚಟಾರನೆ ಚಿಟಿಕೆ ಹೊಡೆಯಬೇಕು. ಸದ್ದು ಬಂದರೆ ಸ್ನೇಹ, ಬರದಿದ್ದರೆ ಅನುಮಾನ. ಫ್ರೆಂಪಾಂಗ್ ಮೇಷ್ಟ್ರ ಬೆರಳು ಚಿಟಿಕೆ ಹೊಡೆಯಲು ಹೋದರೆ ಸೋಪಿನ ಮೇಲೆ ಕಾಲಿಟ್ಟವನ ಹಾಗೆ ಜಾರಿಬಿಡುತ್ತಿತ್ತು. ಎದುರಿನವರು ಮುಖ ಹುಳ್ಳಗೆ ಮಾಡಿ, ಕೈಯನ್ನು ತಮ್ಮ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು.

"ಒರೆಸ್ಕೊಳ್ಳಲಿ, ಬೇಡ ಅನ್ನಲ್ಲ. ಆದ್ರೆ ನನ್ನ ಮುಖ ನೋಡ್ಕೊಂಡೇ ಒರೆಸ್ಕೋಬೇಕಾ? ಒಂಚೂರು ಆ ಕಡೆ ತಿರುಗಿದ್ರೆ ಇವರ ಗಂಟೇನು ಹೋಗ್ತಿತ್ತು?" ಎಂದು ಮೇಷ್ಟ್ರು ಉರಿದುಬೀಳುತ್ತಿದ್ದರು. ಸಿಟ್ಟು ಬಂದರೆ ಕೈ ಇನ್ನಷ್ಟು ಬೆವರುತ್ತಿತ್ತು. ಕೈ ಬೆವರಿದ್ದು ಕಂಡರೆ ಸಿಟ್ಟು ಇನ್ನಷ್ಟು ಏರುತ್ತಿತ್ತು. ಹುಚ್ಚು ಬಿಡುವವರೆಗೂ ಮದುವೆಯಾಗಲ್ಲ, ಮದುವೆಯಾಗುವವರೆಗೂ ಹುಚ್ಚು ಬಿಡಲ್ಲ ಎನ್ನುತ್ತಾರಲ್ಲ, ಹಾಗೆ.

ಮದುವೆಯ ಮಾತು ಬಂತಲ್ಲ, ಅಲ್ಲೇ ಇರೋದು ವಿಷಯ. ಮೇಷ್ಟ್ರಿಗೆ ಡುಫಿಯೆ ಎಂಬ ದರ್ಜಿ ಹುಡುಗಿಯ ಮೇಲೆ ಜೀವ. ಅವಳಿಗೂ ಇವರ ಮೇಲೆ ಮನಸ್ಸು. ಕೈಯ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವಳಲ್ಲ. ಆದರೆ ನಮ್ಮ ಜನದಲ್ಲಿ ಹೆಣ್ಣು ಕೊಡುವುದು ಅಪ್ಪನಲ್ಲ, ತಾಯಿಯ ಅಣ್ಣ. ಅಪ್ಪ ತಲೆ ಆಡಿಸುತ್ತಾನೆ, ಅಷ್ಟೆ. ಡುಫಿಯೆಯ ಸೋದರಮಾವ ಓಪಾನಿನ್ ನ್ಯಾಂಟಾಚಿ ಎಜಿಸು ಎಂಬ ಊರಿನಲ್ಲಿ ದೊಡ್ಡ ಮನುಷ್ಯ; ಓಪಾನಿನ್ ಎಂದರೇ ಹಿರಿಯ. ಅವನ ಮನೆಯ ಬಾಗಿಲು ತಟ್ಟಿ, ಎರಡು ಬಾಟಲಿ ಜಿನ್ ಮುಂದಿಟ್ಟು, "ನಿಮ್ಮ ಹಿತ್ತಲಲ್ಲಿ ಒಂದು ಹೂವು ಕಂಡ್ವಿ" ಎಂದು ಕೇಳಬೇಕು. ಆ ಬಾಟಲಿ ಅವನು ಒಪ್ಪಿಕೊಂಡರೆ ಹುಡುಗಿ ಸಿಕ್ಕಂತೆ. ಒಪ್ಪದಿದ್ದರೆ ಆ ಬಾಗಿಲ ಕಡೆ ಮತ್ತೆ ತಲೆ ಹಾಕುವ ಹಾಗಿಲ್ಲ.

"ಆ ಮುದುಕ ಕೈ ನೋಡ್ತಾನಂತೆ ಕಣಯ್ಯಾ," ಎಂದು ಮೇಷ್ಟ್ರ ತಲೆಗೆ ಹುಳ ಬಿಟ್ಟವಳು, ನಾವೆಲ್ಲ ಮಾಮೆ, ಅಂದರೆ ಅಮ್ಮ, ಎಂದು ಕರೆಯುವ ವಠಾರದ ಪೊಕುವಾ. ನಡುವಂಗಳದ ಸುತ್ತ ನಾವೆಲ್ಲ ಒಂದೊಂದು ಕೋಣೆಯಲ್ಲಿ ಬದುಕುವ ವಠಾರ ಅದು. ಇಡೀ ವಠಾರಕ್ಕೆ ಒಂದೇ ಕರೆಂಟು ಮೀಟರು. ಆ ಮೀಟರಿನ ಕೆಳಗೆ ತನ್ನ ಫ್ರಿಜ್ಜು ಇಟ್ಟುಕೊಂಡು ತಣ್ಣೀರಿನ ಪೊಟ್ಟಣ ಮಾರುವವಳು ಪೊಕುವಾ. ಮೀಟರನ್ನೂ ನಮ್ಮೆಲ್ಲರ ಬಾಳನ್ನೂ ಒಂದೇ ಕಣ್ಣಲ್ಲಿ ಕಾಯುತ್ತಿದ್ದಳು.

"ಹೋದ ವರ್ಷ ಆ ಹುಡುಗೀನ ಕೇಳೋಕೆ ಒಬ್ಬ ಬಂದಿದ್ದನಂತೆ. ಮುದುಕ ಕೈ ಕುಲುಕಿದ್ದಷ್ಟೇ, ಆಚೆಗೆ ಕಳಿಸಿದ್ನಂತೆ! ನಿನ್ನ ಈ ಕೆರೆ ಕೈ ಮುಟ್ಟಿದ್ರೆ ನಾಯಿ ಛೂ ಬಿಡ್ತಾನೆ, ನೋಡ್ತಿರು."

ಮೇಷ್ಟ್ರು ಡುಫಿಯೆಯನ್ನು ಕೇಳಿದರು. "ಮಾವ ಕೈ ನೋಡೋದು ನಿಜ," ಎಂದಳು ಅವಳು. "ಆದ್ರೆ ಏನ್ ನೋಡ್ತಾರೆ ಅಂತ ಯಾರಿಗೂ ಹೇಳಿಲ್ಲ."

ಏನು ನೋಡುತ್ತಾರೆ ಎಂದರೆ? ಮೇಷ್ಟ್ರು ತಮ್ಮ ಅಂಗೈ ನೋಡಿಕೊಂಡರು. ಬೇರೆ ಉತ್ತರ ಹೊಳೆಯಲಿಲ್ಲ.

ಅಸಾಫೊ ಬಡಾವಣೆಯ ಸಣ್ಣ ಚಿಕಿತ್ಸಾಲಯವೊಂದರಲ್ಲಿ ಸಿಸ್ಟರ್ ಲಾರ್ಟೆ ಎಂಬಾಕೆ ಒಂದು ಯಂತ್ರ ಇಟ್ಟುಕೊಂಡಿದ್ದಳು. ಎರಡು ತಟ್ಟೆ, ತಟ್ಟೆಯಲ್ಲಿ ಔಷಧಿ ಕಲಸಿದ ನೀರು, ನೀರಿನೊಳಗೆ ಒಂದೊಂದು ಲೋಹದ ಹಲಗೆ, ಅದಕ್ಕೊಂದೊಂದು ತಂತಿ. ಎರಡು ಕೈ ಎರಡು ತಟ್ಟೆಯಲ್ಲಿಟ್ಟು ಸಣ್ಣಗೆ ಕರೆಂಟು ಹರಿಸಿದರೆ, ಅದು ಔಷಧಿಯನ್ನು ಚರ್ಮದೊಳಕ್ಕೆ ತಳ್ಳುತ್ತದೆ. ಸೂಜಿಯೂ ಇಲ್ಲ, ಗುಳಿಗೆಯೂ ಇಲ್ಲ. ಮೊದಲರ್ಧ ಬಲಗೈಗೆ, ಆಮೇಲೆ ತಂತಿ ಅದಲುಬದಲು ಮಾಡಿ ಎಡಗೈಗೆ.

"ಬಿಡದೆ ಬಂದ್ರೆ ಕೈ ಬಿಸ್ಕತ್ತಿನ ಹಾಗೆ ಒಣಗುತ್ತೆ," ಎಂದಿದ್ದಳು ಸಿಸ್ಟರ್.

ಮೇಷ್ಟ್ರು ಬಿಡದೆ ಹೋದರು. ಬಿಟ್ಟುಬಿಟ್ಟು ಬಂದದ್ದು ಕರೆಂಟು. ಪ್ರತಿಸಲವೂ ಬಲಗೈ ಮುಗಿದು ತಂತಿ ಬದಲಿಸುವ ಹೊತ್ತಿಗೆ ಸರಿಯಾಗಿ ದೀಪ ಹೋಗುತ್ತಿತ್ತು. ಯಾರೋ ಕಂಬದ ಹತ್ತಿರ ನಿಂತು ಕಾಯುತ್ತಿದ್ದಾರೇನೋ ಎನ್ನುವಂತೆ! ಈ ಊರಿನ ಕರೆಂಟಿನವರ ಮೇಲೆ ನನಗಿರುವ ಸಿಟ್ಟು ಬರೆಯಲು ಹೊರಟರೆ ಅದೇ ಇನ್ನೊಂದು ಕತೆಯಾದೀತು, ಬಿಡಿ. ಅಂತೂ ಬಲಗೈ ಮುಕ್ಕಾಲು ಒಣಗಿತು. ಎಡಗೈ ಮೊದಲಿನಂತೆ ಹರಿಯುತ್ತಲೇ ಇತ್ತು.

ಬಾಗಿಲು ತಟ್ಟುವ ಶನಿವಾರ ಬಂತು. ಆ ದಿನ ಅಸಾಫೊದಲ್ಲಿ ದೀಪ ಹೋಗುವ ಸರದಿ, ನಮ್ಮ ಬಡಾವಣೆಯಲ್ಲಿ ಇರುವ ಸರದಿ. ಸಿಸ್ಟರ್ ದೊಡ್ಡ ಮನಸ್ಸು ಮಾಡಿ ಯಂತ್ರವನ್ನೇ ಹಿಂದಿನ ದಿನ ಮನೆಗೆ ಕೊಟ್ಟು ಕಳಿಸಿದಳು. "ಕೊನೇ ಸಲ ಹಿಡಿಸ್ಕೊಳ್ಳಿ, ಎರಡೂ ಕೈ ಗಟ್ಟಿಯಾಗಿ ಒಣಗುತ್ತೆ. ಒಂದೇ ಒಂದು ಮಾತು, ನಡುವೆ ತಟಕ್ಕನೆ ನಿಲ್ಲಿಸ್ಬಾರದು, ಒದ್ದ ಹಾಗಾಗುತ್ತೆ. ನಿಧಾನಕ್ಕೆ ಇಳಿಸ್ಬೇಕು," ಎಂದಳು.

ಬೆಳಿಗ್ಗೆ ಮೇಷ್ಟ್ರು ಹೆಗಲಿಗೆ ಎಸೆದು ಉಡುವ ಹೊಸ ಬಟ್ಟೆಯನ್ನು ಹಾಸಿಗೆಯ ಮೇಲೆ ಹರಡಿಟ್ಟು, ಮೇಜಿನ ಮೇಲೆ ತಟ್ಟೆಗಳನ್ನಿಟ್ಟು, ಗುಂಡಿ ತಿರುಗಿಸಿ, ಎರಡು ಕೈ ನೀರಿನಲ್ಲಿ ಮುಳುಗಿಸಿ ಕೂತರು. ಇರುವೆ ಹರಿದಂತೆ ಸಣ್ಣ ಜುಮುಜುಮು. ವಾರಗಳ ನಂತರ ಮೊದಲ ಸಲ ಅವರ ಮುಖದಲ್ಲಿ ಶಾಂತಿ ಕಂಡಿತು. ಬಾಗಿಲಿಗೆ ಚಿಲಕ ಹಾಕುವುದನ್ನು ಮಾತ್ರ ಮರೆತಿದ್ದರು. ಈಗ ಹಾಕೋಣವೆಂದರೆ ಕೈ ನೀರಿನಲ್ಲಿವೆ.

ಅಂಗಳದಲ್ಲಿ ಪೊಕುವಾಳ ಫ್ರಿಜ್ಜು ಒಂದು ಸಲ ಗುರ್ ಎಂದು ಸುಮ್ಮನಾಯಿತು. ಅಷ್ಟು ಸಾಕಾಯಿತು. ಅವಳು ಮೀಟರು ನೋಡಿದಳು, ವಠಾರದ ಬಾಗಿಲುಗಳನ್ನೆಲ್ಲ ನೋಡಿದಳು, ನೇರವಾಗಿ ಬಂದು ಮೇಷ್ಟ್ರ ಬಾಗಿಲು ನೂಕಿದಳು.

"ಅಯ್ಯಯ್ಯೋ! ಬನ್ರೋ, ಯಾರಾದ್ರೂ ಬನ್ರೋ! ಮೇಷ್ಟ್ರು ಕರೆಂಟಿಗೆ ಕೈ ಕೊಟ್ಕೊಂಡು ಕೂತವ್ರೆ!"

"ಕೂಗ್ಬೇಡಿ ಮಾರಾಯ್ತಿ! ಇದು ಚಿಕಿತ್ಸೆ. ನನ್ನ ಕೈಗೆ ಔಷಧಿ."

"ಔಷಧಿ ಕುಡೀತಾರೆ, ಹಚ್ತಾರೆ. ಕರೆಂಟಲ್ಲಿ ನೆನೆಹಾಕ್ತಾರಾ? ಮೀಟರು ಓಡ್ತಾ ಇರೋದ್ ನೋಡು, ಕಳ್ಳನ್ನ ಅಟ್ಟಿಸ್ಕೊಂಡು ಹೋದ ಹಾಗೆ ಓಡ್ತಿದೆ! ನನ್ನ ನೀರೆಲ್ಲ ಬಿಸಿಯಾದ್ರೆ ಯಾರು ಕುಡೀತಾರೆ, ನೀನಾ?"

"ಇದಕ್ಕೆ ಒಂದು ಸಣ್ಣ ಬಲ್ಬಿನಷ್ಟೂ ಕರೆಂಟು ಬೇಡ ಕಣಮ್ಮಾ!"

"ಬೆಡಿಯಾಕೊನ ಕರೀತೀನಿ ಇರು. ಅವನಿಗೆ ಇದೆಲ್ಲ ಗೊತ್ತು."

ಬೆಡಿಯಾಕೊಗೆ ಏನೂ ಗೊತ್ತಿರಲಿಲ್ಲ. ರೇಡಿಯೊ ಬಿಚ್ಚಿ ಮತ್ತೆ ಜೋಡಿಸಿದಾಗ ನಾಲ್ಕೈದು ತಿರುಪು ಮಿಕ್ಕರೆ, "ಇವು ಕಂಪನಿಯವರು ಸುಮ್ನೆ ಹಾಕಿರ್ತಾರೆ" ಎನ್ನುವ ಜಾತಿಯ ರಿಪೇರಿಯವನು ಅವನು. ಅರ್ಧ ತಿಂದ ಗೆಣಸಿನ ತುಂಡು ಕೈಯಲ್ಲೇ ಹಿಡಿದು ಬಂದ, ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ನಾಲಿಗೆ ಲೊಚಗುಟ್ಟಿದ.

"ಮೇಷ್ಟ್ರೇ, ಇದರ ವೈರಿಂಗೇ ತಪ್ಪು. ಕೆಂಪು ತಂತಿ ಈ ಕಡೆ ಇರಬೇಕು."

"ಮುಟ್ಟಬೇಡ! ಅರ್ಧ ಮುಗಿದಿದೆ. ಬಲಗೈ ಆಗಿದೆ. ಈಗ ಎಡಗೈಗೆ ನಾನೇ ಬದಲಾಯಿಸ್ಕೋತೀನಿ. ದಮ್ಮಯ್ಯ, ಇಬ್ರೂ ಆಚೆ ನಡೀರಿ!"

"ನೀವು ಪಾಠ ಹೇಳೋರು, ನಾನು ಕರೆಂಟ್ ನೋಡೋನು. ನಿಮ್ಮ ತರಗತೀಲಿ ಬಂದು ನಾನು ಮಾತಾಡ್ತೀನಾ?" ಎಂದು ಬೆಡಿಯಾಕೊ ನೀರಿಗೆ ಬೆರಳದ್ದಿ ನೋಡಿದ. ಮರುಕ್ಷಣ "ಅಬ್ಬಾ!" ಎಂದು ಚಿಮ್ಮಿ ಹಿಂದಕ್ಕೆ ಬಿದ್ದ. ಬಿದ್ದದ್ದು ಕರೆಂಟಿಗಿಂತ ಹೆಚ್ಚು ಹೆದರಿಕೆಗೆ.

"ಸಾಯ್ತಾನೆ! ಹುಡುಗ ಸಾಯ್ತಾನೆ!" ಎಂದು ಚೀರಿ ಪೊಕುವಾ ಗೋಡೆಯಲ್ಲಿದ್ದ ಪ್ಲಗ್ಗನ್ನು ಒಂದೇ ಏಟಿಗೆ ಕಿತ್ತಳು.

ಸಿಸ್ಟರ್ ಹೇಳಿದ್ದು ಸುಳ್ಳಲ್ಲ. ಮೇಷ್ಟ್ರಿಗೆ ಮೊಣಕೈವರೆಗೂ ಕುದುರೆ ಒದ್ದ ಹಾಗಾಯಿತು. ಎರಡೂ ಕೈ ಮೇಲಕ್ಕೆ ಹಾರಿದವು, ಕೈಯ ಜೊತೆ ತಟ್ಟೆಗಳೂ ಹಾರಿದವು. ಔಷಧಿಯ ನೀರು ಹಾಸಿಗೆಯ ಮೇಲೆ ಹರಡಿದ್ದ ಹೊಸ ಬಟ್ಟೆಯ ಮೇಲೆ ಕೆರೆ ಒಡೆದಂತೆ ಸುರಿಯಿತು.

"ನೋಡ್ದಾ? ನಾನಿಲ್ದಿದ್ರೆ ಏನ್ ಗತಿ!" ಎಂದಳು ಪೊಕುವಾ.

ಮೇಷ್ಟ್ರು ಸಿಟ್ಟಿನಲ್ಲಿ ಎರಡೂ ಕೈಯನ್ನು ಟವೆಲಿಗೆ ತಿಕ್ಕಿ ಒರೆಸಿಕೊಂಡರು. ಎಡಗೈಯನ್ನು ಗೋಡೆಗೆ ಊರಿ ಒಂದು ಗುದ್ದು ಕೊಟ್ಟರು. ಬಲಗೈಯಿಂದ ಗುದ್ದಿದ ಕಡೆ ಗೋಡೆ ಒಣಗಿಯೇ ಇತ್ತು. ಊರಿದ್ದ ಎಡಗೈಯನ್ನು ತೆಗೆದಾಗ ಗೋಡೆಯ ಮೇಲೆ ಅಂಗೈಯ ಒದ್ದೆ ಅಚ್ಚು ಕಂಡಿತು. ಇನ್ನೊಮ್ಮೆ ಯಂತ್ರ ಹಚ್ಚೋಣವೆಂದು ಪ್ಲಗ್ಗು ತೆಗೆದುಕೊಂಡರೆ, ಅಷ್ಟರಲ್ಲಿ ಬೆಡಿಯಾಕೊ "ಸರಿ ಮಾಡ್ಕೊಡ್ತೀನಿ" ಎಂದು ಯಂತ್ರದ ಹಿಂಬದಿ ಬಿಚ್ಚಿ ಕೆಂಪು ತಂತಿಯನ್ನು ತನಗೆ ಸರಿಕಂಡ ಕಡೆ ಸಿಕ್ಕಿಸಿದ್ದ. ಪ್ಲಗ್ಗು ಹಾಕಿದ ಕೂಡಲೇ ಯಂತ್ರ ಒಂದು ಸಣ್ಣ ಹೊಗೆ ಬಿಟ್ಟು ಕಣ್ಣು ಮುಚ್ಚಿತು.

"ಹಳೇದು ಪಾಪ, ಎಷ್ಟು ದಿನ ಬಾಳುತ್ತೆ," ಎಂದ ಬೆಡಿಯಾಕೊ.

"ಆಚೆಗೆ ಹೋಗು. ಈಗಲೇ ಹೋಗು. ನನ್ನ ಕೈಗೆ ಏನಾದ್ರೂ ಸಿಗೋಕೆ ಮುಂಚೆ ಹೋಗು!"

ಹೋಗಲಿ, ಬಲಗೈ ಒಣಗಿದೆಯಲ್ಲ. ಹಿರಿಯರಿಗೆ ಕೊಡುವುದು ಬಲಗೈ ತಾನೆ, ಎಡಗೈಯನ್ನು ಯಾರು ಕೇಳುತ್ತಾರೆ, ಬಟ್ಟೆಯ ಮಡಿಕೆಯೊಳಗೆ ಬಚ್ಚಿಟ್ಟುಕೊಂಡರಾಯಿತು ಎಂದು ಮೇಷ್ಟ್ರು ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಿದ್ದಾಗ ಫೋನು ಹೊಡೆದುಕೊಂಡಿತು. ಹಳ್ಳಿಯಿಂದ ಹೊರಟಿದ್ದ ಅವರ ಸೋದರಮಾವ.

"ಫ್ರೆಂಪಾಂಗಾ, ನಮ್ಮ ಲಾರಿ ದಾರೀಲಿ ಎಜುರಾದಲ್ಲಿ ಕೆಟ್ಟು ಕೂತಿದೆ. ಚಾಲಕ ಊಟಕ್ಕೆ ಹೋದೋನು ಬಂದೇ ಇಲ್ಲ. ಕೊಟ್ಟ ಹೊತ್ತು ತಪ್ಪಿಸ್ಬೇಡ, ಅಪಶಕುನ. ವಠಾರದೋರನ್ನ ಕರ್ಕೊಂಡು ಹೋಗು. ಅವರೂ ನಿನ್ನೋರೇ ಅಲ್ವಾ."

ಪೊಕುವಾ ಬಾಗಿಲ ಹೊರಗೇ ನಿಂತಿದ್ದಳು. "ಕೇಳಿಸ್ತು, ಕೇಳಿಸ್ತು. ನಾನೇ ಮಾತಾಡ್ತೀನಿ ಬಿಡು. ಹೆಣ್ಣು ಕೇಳೋದ್ರಲ್ಲಿ ನನ್ನ ನಾಲಿಗೆ ಬೆಣ್ಣೆ."

"ನೀವು ಬೇಡ!" ಎಂದರು ಮೇಷ್ಟ್ರು.

"ಒಬ್ಬನೇ ಹೋಗಿ ನಿಂತ್ರೆ ಅನಾಥ ಅಂತಾರೆ. ಅನಾಥನಿಗೆ ಹೆಣ್ಣು ಕೊಡ್ತಾರಾ?"

ಮೇಷ್ಟ್ರು ಜಿನ್ ಬಾಟಲಿಗಳನ್ನು ಅವಳ ಚೀಲಕ್ಕೆ ಇಳಿಸಿದರು. ಹೆಂಗಸೊಬ್ಬಳೇ ಸಾಲದು, ಗಂಡಸರೂ ಬೇಕು ಎಂದು ಬೆಡಿಯಾಕೊ ತಾನಾಗಿ ಬಂದು ನಿಂತ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂದು ತನ್ನ ಬಟ್ಟೆಯೊಂದನ್ನು ಮೇಷ್ಟ್ರಿಗೆ ಉಡಲು ಕೊಟ್ಟ. ಅದು ಒಗೆದು ಒಗೆದು ಬಣ್ಣ ಯಾವುದೆಂದು ಹೇಳಲಾಗದಂಥದ್ದು. ತಾನು ಮಾತ್ರ ಪೆಟ್ಟಿಗೆಯಿಂದ ಗರಿಗರಿಯಾದ ಬಿಳಿ ಬಟ್ಟೆ ತೆಗೆದು, ಹೆಗಲ ಮೇಲೆ ಜೋರಾಗಿ ಎಸೆದುಕೊಂಡು, "ನಿಮ್ಮ ಮರ್ಯಾದೆ ಉಳೀಬೇಕಲ್ಲ ಮೇಷ್ಟ್ರೇ" ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಎಜಿಸುವಿನ ವ್ಯಾನಿನಲ್ಲಿ ಜನ ಒಬ್ಬರ ಮೇಲೊಬ್ಬರು ಕೂತಿದ್ದರು. ಮೇಷ್ಟ್ರು ಬಲಗೈಯನ್ನು ಯಾರಿಗೂ ತಾಗಿಸದೆ, ಎದೆಯ ಮುಂದೆ ಮೊಟ್ಟೆ ಹಿಡಿದವರ ಹಾಗೆ ಹಿಡಿದುಕೊಂಡಿದ್ದರು. ಪಕ್ಕದಲ್ಲಿ ಪೊಕುವಾ ತಾನು ಆಡಲಿರುವ ಮಾತನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದಳು. ವ್ಯಾನಿನವರೆಲ್ಲ ತಮಗೆ ತೋಚಿದ್ದು ಸೇರಿಸುತ್ತಿದ್ದರು. "ಹೂವು ಅಂದ್ರೆ ಸಾಲದು, ಪರಿಮಳಾನೂ ಸೇರಿಸಿ," ಎಂದ ಹಿಂದಿನ ಸೀಟಿನ ಮುದುಕ. ಬೆಡಿಯಾಕೊ ಪೊಕುವಾಳ ಚೀಲದಿಂದ ಮಂಜಿನಂತೆ ತಣ್ಣಗಿದ್ದ ನೀರಿನ ಪೊಟ್ಟಣಗಳನ್ನು ಒಂದಾದ ಮೇಲೊಂದು ಮೂಲೆ ಕಚ್ಚಿ ಹೀರುತ್ತಿದ್ದ. ಓಪಾನಿನ್ ನ್ಯಾಂಟಾಚಿಯ ಗೇಟಿನ ಮುಂದೆಯೂ ಒಂದು ಹೀರಿ, ಖಾಲಿ ಪೊಟ್ಟಣವನ್ನು ಬೇಲಿಯಾಚೆ ಎಸೆದು, ಒಳಗೆ ನಡೆದ.

ಓಪಾನಿನ್ ಮತ್ತು ಮನೆಯ ಹಿರಿಯರು ಸಾಲಾಗಿ ಕೂತಿದ್ದರು. ಪದ್ಧತಿಯಂತೆ ಮೂವರೂ ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರಿಗೂ ಕೈ ಕೊಡುತ್ತ ಬಂದರು. ಸಾಲಿನ ನಡುವೆ ಓಪಾನಿನ್. ಮುದುಕ ಪೊಕುವಾಳ ಕೈ ಹಿಡಿದು ಬಿಟ್ಟ. ಬೆಡಿಯಾಕೊನ ಕೈ ಹಿಡಿದವನು ಬಿಡಲೇ ಇಲ್ಲ. ಅವನ ಮುಖ ಒಂದು ಸಲ ನೋಡಿದ, ಕೈಯನ್ನು ಇನ್ನೊಂದು ಸಲ ಅದುಮಿದ, ಮೀಸೆಯಡಿ ನಕ್ಕ. ಮೇಷ್ಟ್ರ ಸರದಿ ಬಂತು. ಬಲಗೈ ನೀಡಿದರು. ಒಣಗಿದ, ಬೆಚ್ಚಗಿನ, ಗಂಡಸಿನ ಕೈ! ಹುಟ್ಟಿದಾಗಿನಿಂದ ಇಂಥ ಕೈ ಅವರು ಯಾರಿಗೂ ಕೊಟ್ಟಿರಲಿಲ್ಲ. ಮುದುಕ ಅದನ್ನು ಮುಟ್ಟಿದಷ್ಟೇ ಬೇಗ ಬಿಟ್ಟ. ಗೆದ್ದೆ ಎಂದುಕೊಂಡರು ಮೇಷ್ಟ್ರು. ಕಣ್ಣಲ್ಲಿ ನೀರೇ ಬಂತು.

ಕುಡಿಯಲು ನೀರು ಕೊಟ್ಟರು. "ಬಂದ ಕಾರಣ ಹೇಳಿ," ಎಂದರು. ಪೊಕುವಾ ಎದ್ದು, ಎರಡು ಬಾಟಲಿ ಜಿನ್ ಮುಂದಿಟ್ಟು, ಸೆರಗು ಬಿಗಿದು ಶುರುಮಾಡಿದಳು. "ದಾರೀಲಿ ಹೋಗ್ತಾ ಇದ್ವಿ. ನಿಮ್ಮ ಹಿತ್ತಲಲ್ಲಿ ಒಂದು ಹೂವು ಕಂಡ್ವಿ. ಪರಿಮಳ ಕುಮಾಸಿವರೆಗೂ ಬಂದಿತ್ತು. ನಮ್ಮ ಹುಡುಗ ಆ ಹೂವನ್ನ..."

"ನಿಲ್ಲಿಸಿ," ಎಂದ ಓಪಾನಿನ್ ಕೈ ಎತ್ತಿ. "ಹುಡುಗ ಯಾರು ಅಂತ ಹೇಳ್ಬೇಡಿ. ಅದನ್ನ ನಾನು ಹೇಳ್ತೀನಿ. ಈ ಮನೇಲಿ ಹೆಣ್ಣು ಕೇಳೋಕೆ ಬಂದೋರನ್ನ ನಾನೇ ಗುರುತು ಹಿಡಿಯೋದು. ಇವತ್ತಿನವರೆಗೂ ತಪ್ಪಿಲ್ಲ." ಹಿರಿಯರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಮುದುಕ ಊರುಗೋಲು ಎತ್ತಿ ನೇರವಾಗಿ ಬೆಡಿಯಾಕೊನ ಎದೆಗೆ ಗುರಿಯಿಟ್ಟ. "ಇವನು! ಬಾ ಮಗನೇ, ನನ್ನ ಪಕ್ಕ ಬಾ."

ಬೆಡಿಯಾಕೊ ಅಲ್ಲ ಎನ್ನಲು ಬಾಯಿ ತೆರೆದದ್ದೇನೋ ನಿಜ. ಆದರೆ ಓಪಾನಿನ್‌ನ ಪಕ್ಕದ ಕುರ್ಚಿಗೆ ಮೆತ್ತೆಯಿತ್ತು, ಅದರ ಮುಂದೆ ಹುರಿದ ಕೋಳಿಯ ತಟ್ಟೆಯಿತ್ತು. ಅವನು ಹೋಗಿ ಕೂತ.

"ಅಲ್ಲ, ಅವನಲ್ಲ! ನಾನು!" ಎಂದು ಮೇಷ್ಟ್ರು ಎದ್ದು ನಿಂತರು.

"ನೀನಾ?" ಎಂದ ಮುದುಕ. "ಕೈ ಕೊಡು." ಮತ್ತೊಮ್ಮೆ ಬಲಗೈ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಸಾಲಿನ ಹಿರಿಯರಿಗೂ ಮುಟ್ಟಿಸಿದ. ಒಬ್ಬೊಬ್ಬರೂ ಮುಟ್ಟಿ ಮುಖ ಸಿಂಡರಿಸಿದರು. "ಒಣಕಲು," ಎಂದ ಒಬ್ಬ. "ಸೌದೆ," ಎಂದ ಇನ್ನೊಬ್ಬ.

"ಒಣಗಿದ್ರೆ ಏನ್ ತಪ್ಪು?" ಮೇಷ್ಟ್ರ ದನಿ ಏರಿತು.

"ಏನ್ ತಪ್ಪಾ? ನನ್ನ ಹೆಂಡತೀನ ಕೇಳೋಕೆ ನಾನು ಅವರ ಮನೆ ಬಾಗಿಲಿಗೆ ಹೋದಾಗ ನನ್ನ ಅಂಗೈಯಿಂದ ನೀರು ಇಳೀತಿತ್ತು. ಕೊಡ್ತಾರೋ ಇಲ್ವೋ ಅಂತ ಪ್ರಾಣ ಕೈಗೆ ಬಂದಿತ್ತು. ಇವನಿಗೂ ಬಂದಿದೆ ನೋಡು, ಪಾಪ, ಮಂಜಿನ ಹಾಗೆ ತಣ್ಣಗಾಗಿದೆ ಕೈ. ಹೆಣ್ಣು ಅಂದ್ರೆ ಗೆಣಸಿನ ಮೂಟೆಯಾ, ಒಂದು ತೊಟ್ಟು ಬೆವರೂ ಇಲ್ದೆ ಕೇಳ್ಕೊಂಡು ಹೋಗೋಕೆ? ಕೈ ಬೆವರದೋನಿಗೆ ಹುಡುಗಿ ಸಿಕ್ಕಿದ್ರೂ ಒಂದೇ, ಸಿಗ್ದಿದ್ರೂ ಒಂದೇ. ಹೋದ ವರ್ಷಾನೂ ಒಬ್ಬ ಹೀಗೇ ಸೌದೆ ಕೈ ತಗೊಂಡು ಬಂದಿದ್ದ. ಆಚೆಗೆ ಕಳಿಸ್ದೆ."

ಮೇಷ್ಟ್ರು ನಿಧಾನವಾಗಿ ಪೊಕುವಾಳ ಕಡೆ ತಿರುಗಿದರು. ಅವಳು ತಲೆಯ ಮೇಲಿನ ಪಂಖವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಕರೆಂಟಿಲ್ಲದೆ ಅದು ತಿರುಗುತ್ತಲೂ ಇರಲಿಲ್ಲ.

ಆಗ ಮೇಷ್ಟ್ರಿಗೆ ಬಂದದ್ದು ಸಿಟ್ಟಲ್ಲ, ಅದಕ್ಕೆ ಬೇರೆ ಹೆಸರಿಡಬೇಕು. ಅಷ್ಟು ವಾರ ತಟ್ಟೆಯ ಮುಂದೆ ಕೂತದ್ದು, ದೀಪ ಹೋದಾಗಲೆಲ್ಲ ಕತ್ತಲಲ್ಲಿ ಹಲ್ಲು ಕಡಿದದ್ದು, ಬೆಳಿಗ್ಗೆ ತಿಂದ ಒದೆ, ಮೈಮೇಲಿನ ಈ ಒರೆಸುಬಟ್ಟೆ, ಎಲ್ಲವೂ ಒಟ್ಟಿಗೆ ಬಾಯಿಗೆ ಬಂತು.

"ನಾನು ಬೆವರಲ್ವಾ? ನಾನಾ? ಹುಟ್ಟಿದಾಗಿಂದ ನನ್ನ ಕೈ ಒಂದು ದಿನ ಒಣಗಿದ್ದಿಲ್ಲ! ನಿಮಗೋಸ್ಕರ ಒಣಗಿಸ್ಕೊಂಡು ಬಂದೆ! ಔಷಧಿ ನೀರಲ್ಲಿ ಕೈ ಇಟ್ಟು, ಕರೆಂಟು ಹಿಡಿಸ್ಕೊಂಡು, ಔಷಧೀನ ಚರ್ಮದೊಳಗೆ ನುಗ್ಗಿಸ್ಕೊಂಡು..."

ಹಿರಿಯರು ಗೊಳ್ಳೆಂದರು. "ಕರೆಂಟಲ್ಲಿ ಕೈ ಒಣಗಿಸೋದಾ? ನಾವು ಮೀನು ಒಣಗಿಸೋದು ಕೇಳಿದ್ವಿ," ಎಂದ ಒಬ್ಬ. "ಈ ದೇಶದ ಕರೆಂಟಲ್ಲಿ ನನ್ನ ಅಂಗಿ ಇಸ್ತ್ರಿ ಆಗಲ್ಲ, ಇವನ ಕೈ ಒಣಗ್ತಂತೆ," ಎಂದ ಇನ್ನೊಬ್ಬ.

ಒಳಬಾಗಿಲಲ್ಲಿ ನಿಂತಿದ್ದ ಡುಫಿಯೆಗೆ ತಡೆಯಲಾಗಲಿಲ್ಲ. "ಮಾವಾ, ಅವರು ಹೇಳ್ತಿರೋದು ನಿಜ. ಅವರ ಕೈ ಯಾವಾಗ್ಲೂ ಒದ್ದೆ ಇರುತ್ತೆ."

"ಓಹೋ. ಅದು ನಿನಗೆ ಹೇಗೆ ಗೊತ್ತು?" ಎಂದ ಮಾವ.

ಅವಳ ತಾಯಿ ಅವಳ ಕಡೆ ತಿರುಗಿದಳು. ಡುಫಿಯೆ ಬಾಯಿ ಮುಚ್ಚಿಕೊಂಡಳು. ಸಾಕ್ಷಿ ಹೇಳಲು ಹೋದರೆ ಕೈ ಹಿಡಿದದ್ದಕ್ಕೂ ಲೆಕ್ಕ ಕೊಡಬೇಕಿತ್ತು.

"ಬೆವರೋದು ನಿಜ ಆದ್ರೆ ತೋರಿಸು," ಎಂದ ಓಪಾನಿನ್, ತಾಳ್ಮೆಯಿಂದಲೇ. "ನಾನೇನು ಕಲ್ಲು ಹೃದಯದೋನಲ್ಲ. ನಿನ್ನ ಮೈಯಲ್ಲಿ ಒಂದು ತೊಟ್ಟು ಭಯ ಕಂಡ್ರೆ ಸಾಕು, ನಿಮ್ಮ ಬಾಟಲಿ ಈಗಲೇ ತಗೋತೀನಿ. ಹುಡುಗೀನೂ ಒಪ್ಪಿದಾಳೆ ಅಂತ ಕಾಣ್ಸುತ್ತೆ."

ಎಂಥ ಮಾತು ನೋಡಿ! ಬಾಗಿಲು ತೆರೆದೇ ಇತ್ತು. ನಿಧಾನವಾಗಿ ಯೋಚಿಸಿದ್ದರೆ, ಒಂದು ಉಸಿರು ಎಳೆದುಕೊಂಡಿದ್ದರೆ, "ಹಿರಿಯರು ಕ್ಷಮಿಸಬೇಕು" ಎಂದು ಒಂದು ಮಾತು ಮುಂದಿಟ್ಟಿದ್ದರೆ ಕತೆ ಬೇರೆ ದಾರಿ ಹಿಡಿಯುತ್ತಿತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ತೋರಿಸಲು ತಮ್ಮ ಬಳಿ ಇದೆ, ಬೇಕಾದಷ್ಟು ಇದೆ ಎನ್ನುವುದೊಂದೇ ಮೇಷ್ಟ್ರ ತಲೆಯಲ್ಲಿತ್ತು. "ನೋಡಿ! ನೋಡ್ಕೊಳ್ಳಿ! ಇದು ಬೆವರಲ್ವಾ?" ಎಂದು ಕೂಗುತ್ತ, ಬಟ್ಟೆಯ ಮಡಿಕೆಯೊಳಗಿಂದ ಎಡಗೈ ಹೊರಗೆಳೆದು, ಐದೂ ಬೆರಳು ಅಗಲಿಸಿ, ಓಪಾನಿನ್ ನ್ಯಾಂಟಾಚಿಯ ಮೂಗಿಗೇ ಹಿಡಿದರು. ಒಂದು ಹನಿ ಮುದುಕನ ಮೀಸೆಯ ಮೇಲೆ ಬಿತ್ತು.

ನಗುತ್ತಿದ್ದವರ ನಗು ಅಲ್ಲಲ್ಲೇ ನಿಂತಿತು. ನಮ್ಮಲ್ಲಿ ಎಡಗೈಯಿಂದ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ದಾರಿ ಕೇಳಿದವನಿಗೆ ದಿಕ್ಕೂ ತೋರಿಸುವುದಿಲ್ಲ. ಬಲಗೈ ಮುರಿದು ಕಟ್ಟು ಹಾಕಿಸಿಕೊಂಡವನು ಕೂಡ "ಎಡಗೈ, ಕ್ಷಮಿಸಿ" ಎಂದು ಕೇಳಿಕೊಂಡೇ ಚಾಚುತ್ತಾನೆ. ಮೇಷ್ಟ್ರು ಅದನ್ನೂ ಹೇಳಿರಲಿಲ್ಲ. ಪೊಕುವಾ ಬಾಯಿಗೆ ಕೈ ಅಡ್ಡ ಹಿಡಿದಳು. ಡುಫಿಯೆ ಬಾಗಿಲ ಪಕ್ಕದ ಗೋಡೆಗೆ ಹಣೆ ಒತ್ತಿಕೊಂಡಳು. ಬೆಡಿಯಾಕೊ ಅಗಿಯುವುದನ್ನು ನಿಲ್ಲಿಸಿದ.

ಓಪಾನಿನ್ ಬಟ್ಟೆಯ ಅಂಚಿನಿಂದ ಮೀಸೆ ಒರೆಸಿಕೊಂಡ. ಎಡಗೈಯನ್ನು ಮುಟ್ಟಲಿಲ್ಲ, ಕಣ್ಣಿಂದಲೇ ಬಹಳ ಹೊತ್ತು ನೋಡಿದ.

"ಕೈ ಒದ್ದೆ ಇದೆ, ನಿಜ," ಎಂದ. "ಹುಡುಗಿ ಮೇಲೆ ಆಸೆ ಇದೆ, ಅದೂ ನಿಜ. ಅದಕ್ಕೆ ನನಗೆ ಸಂತೋಷ. ಆದ್ರೆ ನಮ್ಮ ಮನೇಲಿ ಎಡಗೈಗೆ ಹೆಣ್ಣು ಕೊಡಲ್ಲ."

ಬಾಟಲಿಗಳನ್ನು ಯಾರೋ ತಂದು ಪೊಕುವಾಳ ಕೈಗೆ ಕೊಟ್ಟರು. ಬೆಡಿಯಾಕೊನನ್ನು ಮಾತ್ರ "ಊಟ ಮುಗಿಸಿ ಹೋಗಪ್ಪಾ, ನಿನಗೆ ಮದುವೆ ಆಗಿದೆಯಾ?" ಎಂದು ವಿಚಾರಿಸುತ್ತಿದ್ದರು.

ಗೇಟಿನಾಚೆ ರಸ್ತೆಯ ಸುಡು ಬಿಸಿಲಿನಲ್ಲಿ ಮೇಷ್ಟ್ರು ದಾಪುಗಾಲು ಹಾಕುತ್ತಿದ್ದರು. ಹಿಂದಿನಿಂದ ಪೊಕುವಾ ಏದುಸಿರು ಬಿಡುತ್ತ ಓಡಿಬಂದು ಅವರನ್ನು ಹಿಡಿದಳು. ಅವಳ ದನಿಯಲ್ಲಿ ನಿಜವಾದ ಮರುಕವಿತ್ತು.

"ಏನ್ ಮಾಡ್ಕೊಂಡೆಯಪ್ಪಾ ಇದು! ಕರೆಂಟು ಹಿಡಿಸ್ಕೊಳ್ಳೋನು ಎಡಗೈಗೂ ಹಿಡಿಸ್ಕೊಂಡು ಬರೋದಲ್ವಾ? ಅರ್ಧಕ್ಕೆ ಯಾಕೆ ನಿಲ್ಲಿಸ್ದೆ?"